ಮರೆವ್ವ ಒತ್ತಿದ ಚಿತ್ರಗಳು

ಮರೆವ್ವನ ಮಗಳು ಸುಮಂಗಲಾ ಎಂಟು ವರ್ಷ ತುಂಬುವವರೆಗೆ ಯಾರಿಗೂ ಯಾವುದನ್ನೂ ಬೇಡ ಅಂದವಳಲ್ಲ. ಅನ್ನುವುದಕ್ಕೆ ಬಾಯಿ ಬರುತ್ತಿರಲಿಲ್ಲ. ಹುಟ್ಟುವ ಹೊತ್ತಿನಲ್ಲಿ ಉಸಿರು ಸಿಗದೆ ನೀಲಿಗಟ್ಟಿದ ಕೂಸು. ಲಿಂಗಸುಗೂರು ಕಡೆಯ ಅವರ ಹಳ್ಳಿಯಿಂದ ಆಸ್ಪತ್ರೆಗೆ ಟಂಟಂ ಆಟೋ ಸಿಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಇದರಲ್ಲಿ ಹಣೆಬರಹದ ಮಾತಿಲ್ಲ. ಆ ಊರಿಗೆ ನೆಟ್ಟಗಿನ ರಸ್ತೆ ಇರಲಿಲ್ಲ, ಅಷ್ಟೇ. ಹುಡುಗಿ ಕಾಲು ಸೆಟೆದುಕೊಂಡು ನಡೆಯುತ್ತಾಳೆ. ಕೈ ಒಂದು ಕಡೆಗೆ ಕಳಿಸಿದರೆ ಇನ್ನೊಂದು ಕಡೆಗೆ ಹೋಗುತ್ತದೆ. ನಾಲಿಗೆ ತಿರುಗುವುದಿಲ್ಲ. ಕಿವಿ ಮತ್ತು ಬುದ್ಧಿ ಎರಡೂ ಚುರುಕು. ಇದು ಮರೆವ್ವನಿಗೆ ಗೊತ್ತಿತ್ತು, ಬೇರೆ ಯಾರೂ ಒಪ್ಪುತ್ತಿರಲಿಲ್ಲ.

ಮರೆವ್ವ ಮತ್ತು ಅವಳ ಗಂಡ ಯಮನಪ್ಪ ಊರು ಬಿಟ್ಟು ಬಂದು ರಾಜಗೋಪಾಲನಗರದಲ್ಲಿ ಬೈರಮ್ಮನ ವಠಾರದ ಒಂದು ಶೀಟಿನ ಮನೆಯಲ್ಲಿದ್ದರು. ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಯಮನಪ್ಪ ಪವರ್ ಪ್ರೆಸ್ ಓಡಿಸುತ್ತಿದ್ದ. ಪ್ರೆಸ್ಸಿನಿಂದ ಬಿದ್ದ ಬಿಲ್ಲೆಗಳ ಚೂಪು ಅಂಚನ್ನು ಅರ ಹಾಕಿ ಉಜ್ಜುವ ಕೆಲಸ ಮರೆವ್ವನದು. ಮಗಳನ್ನು ಮೊದಮೊದಲು ಶೆಡ್ಡಿಗೇ ಕರೆದೊಯ್ದು ಗೋಣಿತಟ್ಟಿನ ಮೇಲೆ ಕೂರಿಸುತ್ತಿದ್ದಳು. ಮಾಲೀಕ ಬೇಡವೆಂದ ಮೇಲೆ ಬೈರಮ್ಮನ ಜಗಲಿಯಲ್ಲಿ ಬಿಟ್ಟು ಹೋಗತೊಡಗಿದಳು. ಬೈರಮ್ಮ ಹೊಲ ಮಾರಿ ವಠಾರ ಕಟ್ಟಿಸಿದ ಒಕ್ಕಲಿಗರ ಹೆಂಗಸು. ಬಾಯಿ ಜೋರು. ಆದರೆ ಹುಡುಗಿಗೆ ಹೊತ್ತು ಹೊತ್ತಿಗೆ ಮುದ್ದೆ ನುಂಗಿಸುತ್ತಿದ್ದಳು, ಅವಳಿಗೆ ಬೇಕಿರಲಿ ಬಿಡಲಿ.

2014ರಲ್ಲಿ ದಾಸರಹಳ್ಳಿಯ ಒಂದು ಟ್ರಸ್ಟು ಇಂಥ ಮಕ್ಕಳಿಗೆಂದು ಅಂಗಡಿ ಮೇಲಿನ ಮಹಡಿಯಲ್ಲಿ ಶಾಲೆ ತೆರೆಯಿತು. ದುಡ್ಡು ವೈಟ್‌ಫೀಲ್ಡ್ ಕಡೆಯ ಯಾವುದೋ ಸಾಫ್ಟ್‌ವೇರ್ ಕಂಪನಿಯದು. ಅಲ್ಲಿಗೆ ಬಂದವಳು ಸ್ಪೂರ್ತಿ. ತುತ್ತು ಎತ್ತುವುದು, ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು, ಇಂಥ ದಿನದ ಕೆಲಸಗಳಿಗೆ ಕೈಕಾಲು ಪಳಗಿಸುವ ಆಕ್ಯುಪೇಷನಲ್ ಥೆರಪಿ ಓದಿದವಳು. ದಾವಣಗೆರೆಯ ಲಿಂಗಾಯತರ ಹುಡುಗಿ, ಅಪಾರ್ಟ್‌ಮೆಂಟಿನಿಂದ ಸ್ಕೂಟಿಯಲ್ಲಿ ಬರುತ್ತಿದ್ದಳು. ಶಾಲೆಗೆ ಮಕ್ಕಳನ್ನು ಹುಡುಕುತ್ತ ಬಂದ ಮೊದಲ ದಿನವೇ ಮರೆವ್ವನ ಮನೆಯಲ್ಲಿ ನೀರು ಕೇಳಿ ಕುಡಿದಳು. ಕೇರಿಯಿಂದ ಬಂದವರು ಇದನ್ನು ನೋಡಿಯೇ ಮುಂದಿನ ಮಾತಾಡುವುದು.

"ಅಮ್ಮಾ, ಇವಳಿಗೆ ಹೇಳೋಕೆ ಬೇಕಾದಷ್ಟಿದೆ. ದಾರಿ ಇಲ್ಲ ಅಷ್ಟೇ" ಅಂದಳು ಸ್ಪೂರ್ತಿ.

"ನಾ ಇಷ್ಟ ವರ್ಸದಿಂದ ಅದನ್ನ ಹೇಳಾಕತ್ತೀನ್ರೀ ಮೇಡಂ. ನನಗ ಹುಚ್ಚಿ ಅಂತಾರ."

ಸ್ಪೂರ್ತಿ ಚೀಲದಿಂದ ಕಪ್ಪು ಹಲಗೆಯಂಥ ಟ್ಯಾಬ್ ತೆಗೆದಳು. ಅದರಲ್ಲೊಂದು ಆಪ್. ಪರದೆಯ ತುಂಬ ಲೋಟ, ತಟ್ಟೆ, ಬಾಗಿಲು, ಅಳುವ ಮುಖ, ಅಡ್ಡ ಹಿಡಿದ ಕೈ, ಇಂಥ ದೊಡ್ಡ ಚಿತ್ರಗಳು. ಒತ್ತಿದರೆ ಒತ್ತಿದ ಚಿತ್ರ ಮಾತಾಡುತ್ತದೆ. ಲೋಟ ಒತ್ತಿದಾಗ ಯಾರೋ ಬಿಳಿಹೆಂಗಸು "ವಾಟರ್" ಅಂದಳು.

ಹೊಸ್ತಿಲಲ್ಲಿ ನಿಂತಿದ್ದ ಬೈರಮ್ಮ ಬಾಯಿಗೆ ಕೈ ಇಟ್ಟಳು. "ಅಯ್ಯೋ ಅಮ್ಮಯ್ಯಾ! ಮಗ ನಿಮ್ಮಂಗೂ ಮಾತಾಡ್ದೆ ನಮ್ಮಂಗೂ ಮಾತಾಡ್ದೆ ಸೀದಾ ಲಂಡನ್ನಿಗೇ ಓಯ್ತಲ್ಲಮ್ಮಿ!"

ಆಗ ಆ ಆಪಿಗೆ ಕನ್ನಡದ ದನಿ ಇರಲಿಲ್ಲ. ಬೇಕಾದರೆ ನಮ್ಮ ದನಿಯನ್ನೇ ತುಂಬಬಹುದಿತ್ತು. ಯಾರಾದರೂ ಮಕ್ಕಳ ದನಿ ಸಿಕ್ಕರೆ ಚೆನ್ನ ಅಂದಳು ಸ್ಪೂರ್ತಿ. ವಠಾರದ ಮಕ್ಕಳೆಲ್ಲ ಶಾಲೆಗೆ ಹೋಗಿದ್ದವು. ಇದ್ದವಳು ಮರೆವ್ವ ಒಬ್ಬಳೇ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ನಕ್ಕು, ಕೆಮ್ಮಿ, ಕೊನೆಗೆ ಒಂದೊಂದೇ ಹೇಳಿದಳು. ನೀರ ಬೇಕು. ಹಸಿವಾಗೈತಿ. ಸಾಕು. ಬ್ಯಾಡ. ನೋವಾಗಾಕತ್ತೈತಿ. ಹೊರಗ ಹೋಗೂನು. ಹೆಂಗಸಿನ ಚಿತ್ರ ಬಂದಾಗ ಮಾತ್ರ ತಡೆದಳು.

"ಇಲ್ಲಿ 'ಅವ್ವಾ, ಬಾ' ಅನ್ನಿ."

"ನನ್ನ ನಾನs ಕರಕೋಬೇಕೇನ್ರೀ?"

"ಸುಮಿ ಕರೀತಾಳೆ ಅಂತ ತಿಳ್ಕೊಂಡು ಅನ್ನಿ."

ಮರೆವ್ವ ಅಂದಳು. ಅಂದು ಎದ್ದು ನೀರಿಗೆ ಹೋದಳು.

ಹುಡುಗಿಯ ಬೆರಳು ಮಾತ್ರ ಚಿತ್ರಕ್ಕೆ ಹೋಗಲೊಲ್ಲದು. ಅಂಗೈ ಹರಡಿಕೊಂಡು ಪರದೆಯ ಮೇಲೆ ದಪ್ಪೆಂದು ಬೀಳುತ್ತಿತ್ತು. ನೀರು, ಹಸಿವು, ಅವ್ವ ಎಲ್ಲ ಒಟ್ಟಿಗೆ ಕೂಗುತ್ತಿದ್ದವು. ಸ್ಪೂರ್ತಿ ದಿನಾ ಅವಳ ಕೈಯಿಂದ ಕಣಕ ನಾದಿಸಿದಳು, ರಾಗಿಯೊಳಗೆ ಹುಣಸೆಬೀಜ ಹುಡುಕಿಸಿದಳು. ಪರದೆಯ ಮೇಲೆ ಇಡುವುದಕ್ಕೆ ಒಂದು ತೂತಿನ ಹಲಗೆ ಬೇಕೆಂದು ಅಳತೆ ಬರೆದುಕೊಟ್ಟಳು. ಅಂಗೈ ಹಲಗೆಯ ಮೇಲೆ ಊರಿಕೊಳ್ಳಬೇಕು, ಒಂದು ಬೆರಳು ಮಾತ್ರ ತೂತಿನೊಳಗೆ ಇಳಿಯಬೇಕು. ಯಮನಪ್ಪ ಶೆಡ್ಡಿನಲ್ಲಿ ಬಿದ್ದಿದ್ದ ಅಕ್ರಿಲಿಕ್ ತುಂಡು ತಂದು ಕೊರೆದ. ಮರೆವ್ವ ಅಂಚು ಉಜ್ಜಿದಳು. ಕೈ ತಪ್ಪಿದರೂ ಕೆಲಸ ತಪ್ಪದಂತೆ ಹಿಡಿದಿಡುವ ಇಂಥ ಸಾಧನಕ್ಕೆ ಪೀಣ್ಯದಲ್ಲಿ ಜಿಗ್ ಅನ್ನುತ್ತಾರೆ. ಅಂದಿನಿಂದ ಯಮನಪ್ಪನ ಲೆಕ್ಕದಲ್ಲಿ ಆ ಟ್ಯಾಬು ಮಗಳ ಮಷೀನಾಯಿತು.

ಅವಳ ಮೊದಲ ಮಾತು ಬೈರಮ್ಮನ ಮುದ್ದೆಯ ಮುಂದೆ ಬಂತು. ಕೈ ನಡುಗಿಸುತ್ತ ನಡುಗಿಸುತ್ತ ಅಡ್ಡ ಹಿಡಿದ ಕೈಯ ಚಿತ್ರಕ್ಕೆ ಬೆರಳು ಇಳಿಸಿದಳು. "ಬ್ಯಾಡ" ಅಂತು ಟ್ಯಾಬು, ಮರೆವ್ವನ ದನಿಯಲ್ಲಿ.

"ಏನಮ್ಮಿ, ಇಷ್ಟ್ ದಿನ ನುಂಗಿದ್ದೆಲ್ಲಾ ಬ್ಯಾಡವಾಗಿತ್ತಾ?" ಅಂದಳು ಬೈರಮ್ಮ.

"ಬ್ಯಾಡ" ಅಂತು ಮತ್ತೆ.

ಅಂದಿನಿಂದ ಆ ಮನೆಯಲ್ಲಿ ಬೇಡದ ಸುರಿಮಳೆ. ಬಾಚಣಿಗೆ ಬೇಡ, ಸ್ನಾನ ಬೇಡ, ಉಪ್ಪಿಟ್ಟಂತೂ ಬೇಡವೇ ಬೇಡ. "ನಮ್ಮ ಮನ್ಯಾಗ ದಿನಾ ಸ್ಟ್ರೈಕ್ ನೋಡ್ರಿ" ಎಂದು ಯಮನಪ್ಪ ಹೇಳಿಕೊಂಡು ತಿರುಗಿದ. ಸಂಘ ಕಟ್ಟಿಕೊಂಡು ಫ್ಯಾಕ್ಟರಿ ಗೇಟುಗಳ ಮುಂದೆ ಅರ್ಧ ಆಯುಷ್ಯ ಧರಣಿ ಕೂತ ನನ್ನಂಥವರಿಗೆ ಅದರ ಬೆಲೆ ಗೊತ್ತು. ಬೇಡ ಅನ್ನಲು ಬಂದ ಮೇಲೆಯೇ ಮನುಷ್ಯ ಲೆಕ್ಕಕ್ಕೆ ಬರುವುದು. ಆಮೇಲೆ ಉಳಿದವೂ ಬಂದವು. ಬಿದ್ದು ಮೊಣಕಾಲು ತರಚಿದಾಗ ಅಳುವ ಮುಖ ಒತ್ತಿದಳು. ಕೆಲಸದಿಂದ ಮರೆವ್ವ ಬರುವ ಹೊತ್ತಿಗೆ ಜಗಲಿಯಲ್ಲಿ "ಅವ್ವಾ, ಬಾ" ಕೇಳುತ್ತಿತ್ತು. ತನ್ನದೇ ದನಿ ತನ್ನನ್ನು ಕರೆಯುವುದಕ್ಕೆ ಮರೆವ್ವ ಒಗ್ಗಿಕೊಂಡಳು.

ಆ ವರ್ಷದ ಆಯುಧಪೂಜೆ ಬಂತು.

ಪೀಣ್ಯದಲ್ಲಿ ದೇವರ ಹಬ್ಬಗಳಿಗಿಂತ ದೊಡ್ಡದು ಇದು. ಮಷೀನುಗಳಿಗೆ ಎಣ್ಣೆ ಒರೆಸಿ, ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚುತ್ತಾರೆ. ಪೂಜೆಯಾದ ಮಷೀನನ್ನು ಮಾರನೇ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. ಯಮನಪ್ಪನ ಶೆಡ್ಡಿನಲ್ಲಿ ಹಿಂದೊಮ್ಮೆ ಅರ್ಜೆಂಟ್ ಆರ್ಡರ್ ಎಂದು ಪೂಜೆಯಾದ ಪ್ರೆಸ್ಸನ್ನು ಸಂಜೆಯೇ ಓಡಿಸಿ ಈರಪ್ಪನೆಂಬವನ ಎರಡು ಬೆರಳು ಹೋಗಿದ್ದವು. ಪ್ರೆಸ್ಸಿಗೆ ಕೈ ಒಳಹೋಗದಂತೆ ತಡೆಯುವ ಗಾರ್ಡ್ ಇರಲಿಲ್ಲ, ಬೆರಳು ಹೋದದ್ದು ಅದಕ್ಕೆ. ಶೆಡ್ಡಿನವರು ಮಾತ್ರ ಆಯುಧ ಮುನಿಸಿಕೊಂಡಿತು ಅಂದರು. ಹಾಗೆ ಅಂದರೆ ಮಾಲೀಕನಿಗೂ ಅನುಕೂಲ.

ಹಬ್ಬದ ಬೆಳಿಗ್ಗೆ ಯಮನಪ್ಪ ಮನೆಯಲ್ಲೂ ಸ್ಪ್ಯಾನರು, ಅರ, ಕುಡಗೋಲುಗಳನ್ನು ಯಲ್ಲಮ್ಮನ ಪಟದ ಕೆಳಗೆ ಹಲಗೆಯ ಮೇಲೆ ಜೋಡಿಸಿದ. ನಡುವೆ ಮಗಳ ಟ್ಯಾಬ್. ಅದರ ಅಂಚಿಗೆ ಕುಂಕುಮ, ನೆತ್ತಿಗೆ ಸೇವಂತಿಗೆ. ಇಡೀ ವಠಾರ ಬಂದು ನೋಡಿ ನಕ್ಕು ಹೋಯಿತು. ಅದು ಮಗಳಿಗೆ ಕೊಟ್ಟ ಮರ್ಯಾದೆ. ತನ್ನ ಮಗಳಿಗೂ ಒಂದು ಆಯುಧ ಉಂಟು ಎಂದು ಅವನು ಊರಿಗೆ ತೋರಿಸಿದ್ದ.

ಮಧ್ಯಾಹ್ನ ಸುಮಂಗಲಾ ಆ ಹಲಗೆಯ ಕಡೆಗೆ ಹೋಗತೊಡಗಿದಳು. ಮರೆವ್ವ ಹಿಡಿದು ಕೂರಿಸಿದಳು. ಮತ್ತೆ ಹೋದಳು. ಬಾಳೆಹಣ್ಣು ಬೇಕೇನೋ ಎಂದು ಕೊಟ್ಟರು, ಎಸೆದಳು. ಕಡ್ಲೆಪುರಿ ಕೊಟ್ಟರು, ಚೆಲ್ಲಿದಳು.

"ಇವತ್ತ ಮುಟ್ಟಬಾರದವ್ವಾ. ನಾಳಿ ಮುಂಜಾನಿ ಕೊಡ್ತೀನಿ."

"ಒಂದಿನ ಸುಮ್ನಿರಬಾರ್ದೇನ?" ಅಂದ ಯಮನಪ್ಪ. "ದೇವರಿಗೂ ಬ್ಯಾಡ ಅಂತಾಳೇನ?"

ಹುಡುಗಿ ತಲೆಗೆ ಬಡಿದುಕೊಂಡಳು. ಸಿಟ್ಟು ಬಂದಾಗ ಬಡಿದುಕೊಳ್ಳುವುದು ಅವಳ ಹಳೆಯ ಚಾಳಿ. ಸಂಜೆ ಹೊತ್ತಿಗೆ ಕಿರುಚಾಟ ಶುರುವಾಯಿತು. ಬಂದ ನೆಂಟರ ಮುಂದೆ ಹಲಗೆ ಎಳೆದು ದೀಪ ಉರುಳಿಸಿದಳು. ಮರೆವ್ವ ಒಂದು ಬಿಟ್ಟಳು, ಕಪಾಳಕ್ಕೆ. ಹುಡುಗಿ ಆಮೇಲೆ ಹಲಗೆಯ ಕಡೆಗೆ ಹೋಗಲಿಲ್ಲ. ಮೂಲೆಯಲ್ಲಿ ನರಳುತ್ತ ಮಲಗಿದಳು.

ಬೆಳಿಗ್ಗೆ ದಿಂಬು ಕೀವಿನಿಂದ ಒದ್ದೆಯಾಗಿತ್ತು. ಎಡಗಿವಿಯೊಳಗೆ ಬಾವು ಒಡೆದಿತ್ತು. ಇಎಸ್‌ಐ ಆಸ್ಪತ್ರೆಯ ಡಾಕ್ಟರು, "ನಿನ್ನೆ ಇಡೀ ದಿನ ಸಿಕ್ಕಾಪಟ್ಟೆ ನೋವಿರುತ್ತೆ ಕಣಮ್ಮ. ಮಗು ಹೇಳಲಿಲ್ವಾ?" ಎಂದು ಕೇಳಿದರು.

ಮರೆವ್ವ ಮಗಳ ಕಿವಿಗೆ ಸೆರಗು ಒತ್ತಿ ಹಿಡಿದಳು. ಯಮನಪ್ಪ ಹೊರಗೆ ಹೋಗಿ ನಿಂತ.

ಮನೆಗೆ ಬಂದವಳೇ ಮರೆವ್ವ ಕುಂಕುಮ ಒರೆಸಿ ಟ್ಯಾಬನ್ನು ಮಗಳ ತೊಡೆಯ ಮೇಲೆ ಇಟ್ಟಳು. ಸುಮಂಗಲಾ ಮೊಣಕೈಯಿಂದ ತಳ್ಳಿದಳು. ಮತ್ತೆ ಇಟ್ಟಳು, ಮತ್ತೆ ತಳ್ಳಿದಳು. ಮರೆವ್ವನೇ ಲೋಟದ ಚಿತ್ರ ಒತ್ತಿದಳು. ದನಿ ಕೇಳಿದ್ದೇ ಹುಡುಗಿ ಗೋಡೆಗೆ ಮುಖ ಹಾಕಿ, ಆ ದನಿ ಮುಳುಗುವಂತೆ ಜೋರಾಗಿ ಗುಂಯ್‌ಗುಟ್ಟತೊಡಗಿದಳು. ಮರುದಿನವೂ ಅದೇ, ಮರುವಾರವೂ ಅದೇ. ಕಿವಿ ಒಣಗಿತು. ಹುಡುಗಿ ತಿರುಗಲಿಲ್ಲ.

ಸ್ಪೂರ್ತಿ ಬಂದು ಕೂತು ಬಣ್ಣ, ಬೊಂಬೆ, ಬಿಸ್ಕತ್ತು, ತನಗೆ ಗೊತ್ತಿದ್ದ ಉಪಾಯವೆಲ್ಲ ಮಾಡಿದಳು. ಟ್ಯಾಬ್ ಕಂಡರೆ ಸಾಕು, ಗೋಡೆ.

"ಬೇಕು ಅಂದಾಗಲೇ ಕಿತ್ಕೊಂಡ್ಬಿಟ್ರಲ್ಲಮ್ಮಾ."

"ಕಿತಗೊಂಡಿಲ್ರೀ. ಪೂಜಿಗೆ ಇಟ್ಟಿದ್ವಿ."

ಸ್ಪೂರ್ತಿ ಬೊಂಬೆಗಳನ್ನು ಚೀಲಕ್ಕೆ ತುಂಬಿಕೊಂಡಳು. ಟ್ಯಾಬನ್ನು ಚಾರ್ಜಿಗೆ ಹಾಕುವುದು, ನೀರು ತಾಗದಂತೆ ಇಡುವುದು, ಮಗು ಹೋದಲ್ಲಿಗೆಲ್ಲ ಕೊಂಡೊಯ್ಯುವುದು, ಎಲ್ಲ ಹೇಳಿಕೊಟ್ಟಿದ್ದಳು. ಆಯುಧಪೂಜೆಯ ದಿನ ಏನು ಮಾಡಬೇಕು ಅನ್ನುವುದು ಅವಳ ಓದಿನಲ್ಲೂ ಇರಲಿಲ್ಲ, ಟ್ರಸ್ಟಿನ ತರಬೇತಿಯಲ್ಲೂ ಇರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು. "ಅಮ್ಮಾ, ಮೇಲಿನವರು ರಿಪೋರ್ಟ್ ನೋಡ್ತಾರೆ. ಯೂಸ್ ಆಗ್ತಿಲ್ಲ ಅಂದ್ರೆ ಇದು ಬೇರೆ ಮಗುವಿಗೆ ಹೋಗುತ್ತೆ. ವೇಟಿಂಗಲ್ಲಿ ಮಕ್ಕಳಿದಾರೆ."

"ಅವ್ರಿಗೆ ಹ್ಯಾಂಗ ಗೊತ್ತಾಕ್ಕೈತ್ರೀ?"

"ಒಳಗೆ ಸಿಮ್ ಇದೆ. ಯಾವ ಚಿತ್ರ ಒತ್ತಿದ್ರೂ ಎಣಿಸಿ ಆಫೀಸಿಗೆ ಕಳಿಸುತ್ತೆ."

"ಯಾರ ಒತ್ತಿದ್ರು ಅಂತನೂ ಹೇಳತೈತೇನ್ರೀ?"

ಸ್ಪೂರ್ತಿಗೆ ನಗು ಬಂತು. "ಅದೆಲ್ಲಿ ಹೇಳುತ್ತೆ!"

ಪ್ರೆಸ್ ಶೆಡ್ಡಿನಲ್ಲಿ ಖಾಲಿ ಹೊಡೆತ ಅಂತ ಒಂದುಂಟು. ಪ್ರತಿ ಪ್ರೆಸ್ಸಿಗೂ ಒಂದು ಕೌಂಟರ್ ಕೂರಿಸಿರುತ್ತಾರೆ, ಹೊಡೆತಕ್ಕೊಂದು ಅಂಕೆ ತಿರುಗುತ್ತದೆ. ಸಂಜೆಗೆ ಟಾರ್ಗೆಟ್ ಮುಟ್ಟದಿದ್ದರೆ ಆ ಮಷೀನು ಬೇರೆಯವನ ಪಾಲು. ತಗಡು ಬರುವುದು ತಡವಾದಾಗ ಆಪರೇಟರು ತಗಡಿಲ್ಲದೆಯೇ ಪೆಡಲ್ ತುಳಿಯುತ್ತಾನೆ. ಏನೂ ಹುಟ್ಟುವುದಿಲ್ಲ, ಅಂಕೆ ಮಾತ್ರ ತಿರುಗುತ್ತದೆ. ಎಲ್ಲರೂ ಮಾಡುತ್ತಾರೆ. ಮಷೀನು ಉಳಿಸಿಕೊಳ್ಳುವುದಕ್ಕೆ ಅವರಿಗೆ ಗೊತ್ತಿರುವ ದಾರಿ ಅದೊಂದೇ. ಮರೆವ್ವನಿಗೂ ಅದೇ ಹೊಳೆಯಿತು.

ಬೆಳಿಗ್ಗೆ ಶಿಫ್ಟಿಗೆ ಮುಂಚೆ ಟ್ಯಾಬನ್ನು ಸೆರಗಿನೊಳಗೆ ಇಟ್ಟುಕೊಂಡು ವಠಾರದ ಬಚ್ಚಲಿಗೆ ಹೋಗುತ್ತಿದ್ದಳು. ಚಿಲಕ ಹಾಕಿ, ಮಗಳಿಗೆ ಕೇಳದಿರಲೆಂದು ದನಿ ಪೂರ್ತಿ ಇಳಿಸಿ, ಚಿತ್ರಗಳನ್ನು ಒತ್ತುತ್ತಿದ್ದಳು. ಹೊರಗೆ ಬೈರಮ್ಮ ಬಾಗಿಲು ಬಡಿಯುತ್ತಿದ್ದಳು. "ಏನಮ್ಮಿ, ಅದ್ರೊಳಗೇ ಸಂಸಾರ ಊಡ್ಬಿಟ್ಯಾ? ಈಚಿಗ್ ಬಾರಮ್ಮಿ, ಅರ್ಜೆಂಟೈತೆ!"

ಟ್ಯಾಬ್ ಉಳಿಯಿತು. ಆಫೀಸಿನವರಿಗೆ ತೃಪ್ತಿ. ಮನೆಯಲ್ಲಿ ಸುಮಂಗಲಾ ಮೊದಲಿನಂತೆ ಮುದ್ದೆ ನುಂಗುತ್ತಿದ್ದಳು, ಬೇಕಿರಲಿ ಬಿಡಲಿ. ಇಂದಲ್ಲ ನಾಳೆ ಅವಳ ಮುನಿಸು ಇಳಿದೀತು, ಅಷ್ಟರವರೆಗೆ ಟ್ಯಾಬ್ ಕೈಯಲ್ಲಿದ್ದರೆ ಸಾಕು ಅನ್ನುವುದು ಮರೆವ್ವನ ಲೆಕ್ಕಾಚಾರ.

ಸಂಕ್ರಾಂತಿ ಕಳೆದ ಒಂದು ಭಾನುವಾರ ಯಮನಪ್ಪನ ಇಎಸ್‌ಐ ಕಾರ್ಡಿನ ತಕರಾರಿಗೆಂದು ಸಂಘದ ಕಡೆಯಿಂದ ನಾನು ಅವರ ಮನೆಯಲ್ಲಿದ್ದೆ. ಸ್ಪೂರ್ತಿ ಓಡುತ್ತ ಬಂದಳು, ಹೆಲ್ಮೆಟ್ ಕೂಡ ತೆಗೆದಿರಲಿಲ್ಲ.

"ಸುಮಿ ಎಲ್ಲಿ? ಏನಾಗಿದೆ ಅವಳಿಗೆ?"

"ಏನಾಗೈತ್ರೀ? ಇಲ್ಲೇ ಅದಾಳಲ್ರೀ."

ಹುಡುಗಿ ಮೂಲೆಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದಳು. ಸ್ಪೂರ್ತಿ ಅವಳ ಕಿವಿ, ಹಲ್ಲು, ಹೊಟ್ಟೆ ಎಲ್ಲ ಮುಟ್ಟಿ ನೋಡಿದಳು. "ಒಂದು ತಿಂಗಳ ರಿಪೋರ್ಟ್ ಈಗ ನೋಡಿದೆ ಅಮ್ಮಾ. ದಿನಾ ನೋವು, ನೋವು, ಬರೀ ನೋವು. ನೀರು, ಊಟ ಅಂತ ಒತ್ತೇ ಇಲ್ಲ ಅನ್ನೋ ಹಾಗೆ. ಮಗು ಇಷ್ಟು ಸಲ ಹೇಳಿದೆ, ನೀವು ಯಾರಿಗೂ ತೋರಿಸಿಲ್ವಾ?"

ಮರೆವ್ವ ಬಂದು ಮಗಳ ಪಕ್ಕ ಕೂತಳು. ಯಮನಪ್ಪ ಅವಳ ಮುಖ ನೋಡಿದ. ಅವನಿಗೂ ಗೊತ್ತಿರಲಿಲ್ಲ.

"ಅಕಿ ಅಲ್ರೀ ಮೇಡಂ. ನಾ ಒತ್ತೀನಿ."

ಬಚ್ಚಲು, ಚಿಲಕ, ಖಾಲಿ ಹೊಡೆತ ಎಲ್ಲ ಹೇಳಿದಳು. ಅಳಲಿಲ್ಲ. ಮೇಸ್ತ್ರಿಯ ಮುಂದೆ ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ ಹೇಳಿದಳು.

"ಸರಿ, ಒತ್ತಿದ್ರಿ. ಆದ್ರೆ ಅದೊಂದೇ ಚಿತ್ರ ಯಾಕಮ್ಮಾ?"

ಮರೆವ್ವ ತನ್ನ ಬೆರಳು ನೋಡಿಕೊಂಡಳು. "ಮೊದಲ ಎಲ್ಲಾ ಒತ್ತತಿದ್ನಿರೀ. ಆಮ್ಯಾಲೆ ಬಟ್ಟು ಅದರ ಮ್ಯಾಲೇ ಹೋಗತಿತ್ತು. ಆ ದಿನ ಅಕಿ ಒತ್ತಬೇಕಂದಿದ್ದು ಅದನ್ನೇ ಅಲ್ಲೇನ್ರೀ."

ಸ್ಪೂರ್ತಿ ಹೆಲ್ಮೆಟ್ ತೆಗೆದು ನೆಲಕ್ಕೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಿತ್ತು. ಅವಳು ಹೇಳಿದ್ದು ಅದಕ್ಕಿಂತ ಕೆಟ್ಟದಾಗಿತ್ತು.

"ಅಮ್ಮಾ, ನೀವು ಇದನ್ನೇ ಅವಳ ಮುಂದೆ, ದನಿ ಸಣ್ಣಗೆ ಇಟ್ಟು ಮಾಡಿದ್ರೆ ಅದೇ ಪಾಠ ಆಗ್ತಿತ್ತು. ನಾವು ಮಾಡಿಸೋದೂ ಅದನ್ನೇ. ಅವಳನ್ನ ಒತ್ತು ಅನ್ನಬಾರದು. ನಿಮಗೆ ಬಾಯಾರಿದಾಗ ನೀವು ಲೋಟ ಒತ್ತಬೇಕು, ನಿಮಗೆ ಬೇಜಾರಾದಾಗ ನೀವು ಒತ್ತಬೇಕು. ತಿಂಗಳುಗಟ್ಟಲೆ ನೋಡಿ ನೋಡಿ ಮಕ್ಕಳು ವಾಪಸ್ ಬರ್ತಾರೆ, ಕೆಲವರು."

"ನೀವು ಹೇಳಿಲ್ಲಲ್ರೀ."

"ಹೇಳಿಲ್ಲ. ರಿಪೋರ್ಟ್ ಚೆನ್ನಾಗಿತ್ತಲ್ಲ. ಸುಮಿ ತಾನೇ ಸರಿಹೋದಳು ಅಂದ್ಕೊಂಡು ನಾನು ಬೇರೆ ಮಕ್ಕಳ ಕಡೆ ಹೋದೆ."

"ಇವತ್ತಿನಿಂದ ಹಂಗs ಮಾಡ್ತೀನ್ರೀ. ಅಕಿ ಮುಂದs ಕುಂತು ಒತ್ತತೀನಿ."

ಸ್ಪೂರ್ತಿ ಟ್ರಸ್ಟಿನವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಇನ್ನಷ್ಟು ಕಾಲ ಕೊಡಿ ಎಂದು ಕೇಳಿದಳು. ಅವರು ಕೆಟ್ಟವರೇನಲ್ಲ. ಒಂದೇ ಮಾತು ಕೇಳಿದರು. ಕಾಯುತ್ತಿರುವ ಮಗುವಿನ ತಾಯಿಗೆ ಏನು ಹೇಳೋಣ? ಚಿಕ್ಕಬಾಣಾವರದಲ್ಲಿ ವೆಂಕಟೇಶಪ್ಪ ಎಂಬ ಗಾರೆ ಕೆಲಸದವನ ಮಗು, ತೆಲುಗಿನವರು, ಅದಕ್ಕೂ ಬಾಯಿಲ್ಲ. ಕಂಪನಿ ಕೊಟ್ಟದ್ದು ಅಷ್ಟೇ ಟ್ಯಾಬುಗಳು, ಹೊಸದು ಬರುವುದು ಯಾವಾಗ ಎಂದು ಗೊತ್ತಿಲ್ಲ.

ಟ್ಯಾಬ್ ಒಯ್ಯುವ ದಿನ ಬೈರಮ್ಮ ನನಗೆ ಫೋನ್ ಮಾಡಿಸಿದಳು. ಹೋದರೆ ಜಗಲಿಯ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಬೀದಿ ಬೀದೀಲಿ ಧಿಕ್ಕಾರ ಕೂಗ್ತೀರಲ್ಲಣ್ಣ, ಈಗ ಒಸಿ ಕೂಗಿ ನೋಡಣ! ಮಗೀನ ಬಾಯಿ ಕಿತ್ಕೊಂಡ್ ಓಯ್ತಾವ್ರೆ."

"ಯಾರಿಗೆ ಕೂಗ್ಲಿ ಬೈರಮ್ಮ? ಆ ಕಡೆ ಇರೋದೂ ಒಂದು ಮಗೂನೇ."

"ಅಂಗಾದ್ರೆ ಎಲ್ಡು ಮಾಡ್ಸಿ ಅಂತ ಕೂಗಿ!"

ಸರಿಯಾದ ಮಾತು. ಕಂಪನಿಗೂ ಸರ್ಕಾರಕ್ಕೂ ಕೂಗಿದೆವು, ಅರ್ಜಿ ಕೊಟ್ಟೆವು, ಅಂಗವಿಕಲರ ಇಲಾಖೆಯ ಮೆಟ್ಟಿಲ ಮೇಲೆ ಕೂತೆವು. ಗಾಲಿಕುರ್ಚಿ ಕೊಡುತ್ತೇವೆ ಅಂದರು. ಹುಡುಗಿ ನಡೆಯುತ್ತಾಳೆ ಅಂದೆವು. ಹಾಗಿದ್ದರೆ ಏನೂ ಇಲ್ಲ ಅಂದರು. ಅದೆಲ್ಲ ಆಮೇಲಿನದು. ಅಂದು ಮಾಡಲು ಏನೂ ಇರಲಿಲ್ಲ.

ಒಳಗೆ ಸ್ಪೂರ್ತಿ ಮರೆವ್ವನ ದನಿಗಳನ್ನು ಒಂದೊಂದಾಗಿ ಅಳಿಸುತ್ತಿದ್ದಳು, ಆ ಮಗುವಿಗೆ ತೆಲುಗು ತುಂಬಬೇಕಿತ್ತು.

"ಒಂದ್ಸಲ ಒತ್ತಲೇನ್ರೀ?" ಅಂದಳು ಮರೆವ್ವ. ಉಳಿದಿದ್ದದ್ದು ಹೆಂಗಸಿನ ಚಿತ್ರ ಒಂದೇ. ದನಿ ಏರಿಸಿ, ಮಗಳ ಪಕ್ಕದಲ್ಲೇ ಕೂತು ಒತ್ತಿದಳು. "ಅವ್ವಾ, ಬಾ." ಸುಮಂಗಲಾ ಗೋಡೆಯ ಕಡೆಗೆ ತಿರುಗಿ ಗುಂಯ್‌ಗುಟ್ಟಿದಳು. ಮರೆವ್ವ ಟ್ಯಾಬನ್ನು ಸ್ಪೂರ್ತಿಯ ಕೈಗೆ ಕೊಟ್ಟಳು. ಸ್ಪೂರ್ತಿ ಅದನ್ನೂ ಅಳಿಸಿದಳು.

ಈಗಲೂ ಆ ಕಡೆ ಹೋದರೆ ನಾನು ಅವರ ಮನೆಗೆ ಹೋಗುತ್ತೇನೆ. ಕಳೆದ ಸಲ ಹೋದಾಗ ಹುಡುಗಿ ತಲೆಗೆ ಬಡಿದುಕೊಳ್ಳುತ್ತಿದ್ದಳು. ಮರೆವ್ವ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಹಿಡಿದುಕೊಂಡಿದ್ದಳು.

"ಕಿವಿ ಏನವ್ವಾ? ಹಲ್ಲೇನು? ಹೊಟ್ಟಿ ಏನು? ನೀರ ಬೇಕೇನು? ಹೊರಗ ಹೋಗೂನೇನು?"

ಒಂದೊಂದು ಮಾತಿಗೂ ನಿಲ್ಲಿಸಿ ಮಗಳ ಮುಖ ನೋಡುತ್ತಿದ್ದಳು. ಹುಡುಗಿ ಕಣ್ಣು ಎತ್ತಲಿಲ್ಲ. ಹಿಡಿತದಿಂದ ಕೈ ಬಿಡಿಸಿಕೊಂಡು ಮತ್ತೆ ಬಡಿದುಕೊಂಡಳು. ಮರೆವ್ವ ಕೈ ಹಿಡಿದು ಮೊದಲಿಂದ ಶುರು ಮಾಡಿದಳು.

"ಕಿವಿ ಏನವ್ವಾ?"